ಇಳಿವಯಸ್ಸಿನಲ್ಲಿ ಕಾಲಿನ ಬಲ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)





ವಿದ್ಯಾರ್ಥಿವೇತನದ ಸಭೆಯಲ್ಲಿ ವಯಸ್ಸಾದವರ ವ್ಯಾಯಾಮದ ಮಾತೇಕೆ ಎಂದು ನಿಮಗೆ ಅನಿಸಬಹುದು. ಕಾರಣ ಇದೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗಿಯ ಹೆಸರಿನ ಎದುರು ಸಾಲಾಗಿ ಗೈರುಹಾಜರಿ ಬಿದ್ದರೆ ಮನೆಗೆ ಹೇಳಿಕಳುಹಿಸುತ್ತಿದ್ದೆ. ಬರುತ್ತಿದ್ದ ಉತ್ತರಗಳಲ್ಲಿ ಜ್ವರ ಇರುತ್ತಿತ್ತು, ನೆಂಟರ ಮದುವೆ ಇರುತ್ತಿತ್ತು, ಫೀಸಿನ ಕಷ್ಟ ಇರುತ್ತಿತ್ತು. ಇನ್ನೊಂದು ಉತ್ತರವೂ ಆಗಾಗ ಬರುತ್ತಿತ್ತು: "ಅಜ್ಜಿ ಬಿದ್ದಿದ್ದಾರೆ ಟೀಚರ್. ಉಮ್ಮ ಬೀಡಿ ಕಟ್ಟಬೇಕಲ್ಲ, ಅಜ್ಜಿಯನ್ನು ನೋಡಿಕೊಳ್ಳಲು ಇವಳೇ ಇರುವುದು."

ಜ್ವರದವರು ವಾರದಲ್ಲಿ ಶಾಲೆಗೆ ಮರಳುತ್ತಾರೆ. ಫೀಸಿಗೆ ಇಂತಹ ಟ್ರಸ್ಟುಗಳು ಇವೆ. ಆದರೆ ಅಜ್ಜಿಯ ಸೊಂಟದ ಮೂಳೆ ಮುರಿದು, ಬಚ್ಚಲಿಗೆ ಹೋಗಲೂ ಒಬ್ಬರ ಕೈ ಬೇಕಾದರೆ ಆ ಕೈ ಹೆಚ್ಚಿನ ಮನೆಗಳಲ್ಲಿ ಓದುವ ಹುಡುಗಿಯದೇ. ದಾನಿಗಳು ಕೊಟ್ಟ ಹಣ ಅವಳ ಹೆಸರಿನಲ್ಲಿ ಬ್ಯಾಂಕಿಗೆ ಬಂದಿರುತ್ತದೆ, ಅವಳು ಮಾತ್ರ ತರಗತಿಯಲ್ಲಿ ಇರುವುದಿಲ್ಲ. ಆದ್ದರಿಂದ ಅಜ್ಜಿಯ ಕಾಲಿನ ಬಲ ಎನ್ನುವುದು ಮೊಮ್ಮಗಳ ಓದಿನ ವಿಷಯವೂ ಹೌದು. ಅದಕ್ಕಿಂತ ಮೊದಲು ಅದು ಅಜ್ಜಿಯ ಮಾನದ ವಿಷಯ. ಸ್ವಂತ ಕಾಲಿನಲ್ಲಿ ಬಚ್ಚಲಿಗೆ ಹೋಗಿಬರುವುದು ಎಷ್ಟು ದೊಡ್ಡ ಅನುಗ್ರಹ ಎಂದು ಅದನ್ನು ಕಳೆದುಕೊಂಡವರಿಗೆ ಗೊತ್ತು.

ಬಲ ಹೋಗುವುದು ಹೇಗೆ

ಸ್ವಾವಲಂಬನೆ ಎಂದರೆ ದೊಡ್ಡ ಮಾತೇನಲ್ಲ. ಹಾಸಿಗೆಯಿಂದ ಏಳುವುದು, ಸ್ನಾನ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ತನ್ನ ಕೈಯಿಂದ ಊಟ ಮಾಡುವುದು. ವೈದ್ಯರು ವಯಸ್ಸಾದವರನ್ನು ನೋಡುವಾಗ ಕೇಳುವುದೂ ಇವನ್ನೇ. ಇವುಗಳಲ್ಲಿ ಹಲವು ಕೆಲಸಗಳಿಗೆ ಮೊದಲು ಬೇಕಾದದ್ದು ಒಂದೇ: ಕುಳಿತಲ್ಲಿಂದ ಎದ್ದು ನಿಲ್ಲಲು ತೊಡೆಯಲ್ಲಿ ಬಲ.

ಮನುಷ್ಯನ ಸ್ನಾಯು ಮೂವತ್ತು ದಾಟಿದ ಮೇಲೆ ನಿಧಾನವಾಗಿ ಕರಗುತ್ತದೆ, ಅರವತ್ತರ ನಂತರ ಬೇಗ ಬೇಗ ಕರಗುತ್ತದೆ. ಹಿಂದೆ ಮನೆಯ ಕೆಲಸವೇ ಅದನ್ನು ತಕ್ಕಮಟ್ಟಿಗೆ ತಡೆಯುತ್ತಿತ್ತು. ಬಾವಿಯಿಂದ ನೀರು ಸೇದಬೇಕಿತ್ತು, ಕಡೆಯುವ ಕಲ್ಲಿನಲ್ಲಿ ಅರೆಯಬೇಕಿತ್ತು, ನೆಲದಲ್ಲಿ ಕುಳಿತು ಏಳಬೇಕಿತ್ತು. ಈಗ ಪಂಪು, ಮಿಕ್ಸಿ, ಸೋಫಾ ಬಂದಿವೆ. ಹಳೆಯ ಕಷ್ಟ ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ. ಕಷ್ಟದ ಜೊತೆ ಹೋದ ಕಸರತ್ತನ್ನು ಬೇರೆ ದಾರಿಯಲ್ಲಿ ಮರಳಿ ತರಬೇಕು ಎನ್ನುತ್ತೇನೆ, ಅಷ್ಟೆ. ನಮ್ಮ ಕರಾವಳಿಯ ಎಷ್ಟೋ ತಾಯಂದಿರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ದಿನವಿಡೀ ಒಂದೇ ಭಂಗಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಅವರ ಬೆರಳಿಗೆ ಕೆಲಸ ಇತ್ತು, ಕಾಲಿಗೆ ಇರಲಿಲ್ಲ. ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ ಗಂಡಸರು ಕೆಲವರು ಅಂಗಡಿಯ ಜಗಲಿಯಿಂದ ಮನೆಯ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎಂಬಂತೆ ದಿನ ಕಳೆಯುತ್ತಾರೆ.

ಸುಮ್ಮನೆ ಮಲಗಿದರೆ ಬಲ ಎಷ್ಟು ಬೇಗ ಹೋಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೋಗ್ಯವಾಗಿಯೇ ಇದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲಿ ಮಲಗಿಸಿದರು. ಅವರ ಸರಾಸರಿ ವಯಸ್ಸು 67. ಆ 10 ದಿನಗಳಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯುಭಾಗ ಕರಗಿತ್ತು. ಕಾಯಿಲೆ ಇಲ್ಲದವರ ಕಥೆ ಇದು. ಹಾಗಿದ್ದ ಮೇಲೆ "ವಯಸ್ಸಾಯಿತು, ಮಲಗಿರಲಿ" ಎಂದು ನಾವು ಪ್ರೀತಿಯಿಂದ ಕೊಡುವ ವಿಶ್ರಾಂತಿ ಎಷ್ಟು ದುಬಾರಿಯಾದದ್ದು ಎಂದು ಯೋಚಿಸಿ.

ಹೋದ ಬಲ ಮರಳುತ್ತದೆಯೇ

ಮರಳುತ್ತದೆ. ಈ ಒಂದು ಮಾತು ನೆನಪಿನಲ್ಲಿ ಉಳಿದರೆ ನಾನು ಬಂದದ್ದು ಸಾರ್ಥಕ.

1990ರಲ್ಲಿ ಅಮೆರಿಕದ ಬೋಸ್ಟನ್ ನಗರದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಸುಮಾರು 90 ವರ್ಷ ವಯಸ್ಸಿನ, ಬಹಳ ದುರ್ಬಲರಾಗಿದ್ದ 10 ಮಂದಿಗೆ 8 ವಾರ ಕಾಲಿನ ಬಲದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರು 9 ಮಂದಿ. ಅವರ ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ನಾಲ್ಕು ವರ್ಷಗಳ ನಂತರ ಅದೇ ತಂಡ 100 ಮಂದಿಯೊಂದಿಗೆ ಮತ್ತೆ ಪರೀಕ್ಷಿಸಿತು. ಈ ಬಾರಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ ಕೊಟ್ಟರು. ಕೆಲವರಿಗೆ ಎರಡೂ ಇರಲಿಲ್ಲ. 10 ವಾರಗಳಲ್ಲಿ ವ್ಯಾಯಾಮ ಮಾಡಿದವರ ಬಲ ಎರಡು ಪಟ್ಟಾಯಿತು. ಬರೀ ಪಾನೀಯ ಕುಡಿದವರ ದುರ್ಬಲತೆ ಕಡಿಮೆಯಾಗಲಿಲ್ಲ. ದೊಡ್ಡ ಡಬ್ಬಿಯ ಶಕ್ತಿಪುಡಿ ತಂದುಕೊಟ್ಟು ಕರ್ತವ್ಯ ಮುಗಿಯಿತು ಎನ್ನುವ ಮಕ್ಕಳು ಇದನ್ನು ಗಮನಿಸಬೇಕು. ಮೀನು, ಮೊಟ್ಟೆ, ಬೇಳೆ, ಹೆಸರುಕಾಳು ವಯಸ್ಸಾದವರಿಗೆ ಬೇಕೇ ಬೇಕು, ರಾತ್ರಿ ಬರೀ ಗಂಜಿ ಸಾಲದು. ಆದರೆ ತಿಂದದ್ದು ಬಲವಾಗಬೇಕಾದರೆ ಸ್ನಾಯುವಿಗೆ ಕೆಲಸ ಕೊಡಲೇಬೇಕು.

ಬೋಸ್ಟನ್ನಿನ ಆ ಮೊದಲ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಕಂಡುಬಂತು. ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಂದಿದ್ದ ಬಲ ಇಳಿಯತೊಡಗಿತು. ಮಗ್ಗಿ ಬಾಯಿಪಾಠದಂತೆಯೇ ಇದು, ಬಿಟ್ಟರೆ ಮರೆತುಹೋಗುತ್ತದೆ.

ಬೀಳುವುದರ ವಿಷಯಕ್ಕೆ ಬಂದರೆ, 2019ರಲ್ಲಿ ಹಲವು ದೇಶಗಳ 108 ಅಧ್ಯಯನಗಳನ್ನು ಒಟ್ಟುಸೇರಿಸಿ ನೋಡಿದ ಒಂದು ದೊಡ್ಡ ಪರಿಶೀಲನೆ ಪ್ರಕಟವಾಯಿತು. ಅವುಗಳಲ್ಲಿ 23,000ಕ್ಕೂ ಹೆಚ್ಚು ಹಿರಿಯರು ಇದ್ದರು. ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ಅದರಲ್ಲಿ ಹೆಚ್ಚು ಫಲ ಕೊಟ್ಟದ್ದು ಸಮತೋಲನ ಮತ್ತು ಕಾಲಿನ ಬಲದ ಅಭ್ಯಾಸಗಳು. ಬೆಳಗ್ಗಿನ ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಬೀಳದಿರಲು ನಡಿಗೆಯೊಂದನ್ನೇ ನಂಬಿದರೆ ಸಾಲದು.

ಎಷ್ಟು ಮಾಡಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸ್ಪಷ್ಟ ಸಲಹೆ ಕೊಟ್ಟಿದೆ. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು. ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲದ ಅಭ್ಯಾಸ, 3 ದಿನ ಸಮತೋಲನ ಸೇರಿದ ಅಭ್ಯಾಸ ಇರಬೇಕು. ಅಷ್ಟು ಆಗದವರು ಆದಷ್ಟು ಮಾಡಿದರೂ ಪ್ರಯೋಜನ ಇದೆ ಎಂದೂ ಅದು ಹೇಳಿದೆ.

ಮನೆಯಲ್ಲೇ ಮಾಡುವ ಪಾಠ

ಈಗ ಪಾಠಕ್ಕೆ ಬರೋಣ. ಇದಕ್ಕೆ ಜಿಮ್ ಬೇಡ, ಯಂತ್ರ ಬೇಡ. ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ಜೊತೆಗೊಬ್ಬ ಮನೆಯವರು ಸಾಕು. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಅದು ಬೇಡ. ಯಾವ ಕುರ್ಚಿಯಾದರೂ ಬೆನ್ನು ಗೋಡೆಗೆ ತಾಗುವಂತೆ ಇಡಿ.

ಮೊದಲು ಒಂದು ಸಣ್ಣ ಪರೀಕ್ಷೆ. ಸುಮಾರು 17 ಇಂಚು ಎತ್ತರದ ಕುರ್ಚಿಯಲ್ಲಿ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕುಳಿತುಕೊಳ್ಳುತ್ತೀರಿ ಎಂದು ಮೊಮ್ಮಗ ಮೊಬೈಲಿನಲ್ಲಿ ಸಮಯ ನೋಡಿ ಎಣಿಸಲಿ. ಅಮೆರಿಕದ ಆರೋಗ್ಯ ಇಲಾಖೆಯ ಅಳತೆಯ ಪ್ರಕಾರ 65ರಿಂದ 69 ವಯಸ್ಸಿನ ಗಂಡಸರಿಗೆ 12, ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. 75ರಿಂದ 79 ವಯಸ್ಸಿನವರಿಗೆ ಆ ಸಂಖ್ಯೆಗಳು 11 ಮತ್ತು 10. ಕೈಯೂರದೆ ಏಳಲು ಆಗದಿದ್ದರೆ ಅಂಕ ಸೊನ್ನೆ. ಸೊನ್ನೆ ಬಂದರೆ ನಾಚಿಕೆ ಬೇಡ. ಎಲ್ಲಿಂದ ಶುರು ಮಾಡಬೇಕು ಎಂದು ಗೊತ್ತಾಯಿತು, ಅಷ್ಟೆ.

ಮೊದಲನೆಯ ಅಭ್ಯಾಸ, ಕುರ್ಚಿಯಿಂದ ಏಳುವುದು. ಎಂಟು ಹತ್ತು ಸಲ ಏಳಿ, ವಿಶ್ರಾಂತಿ ಪಡೆದು ಇನ್ನೊಮ್ಮೆ ಅಷ್ಟೇ ಸಲ ಮಾಡಿ. ಕುಳಿತುಕೊಳ್ಳುವಾಗ ದೊಪ್ಪನೆ ಬೀಳಬೇಡಿ, ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಆರಂಭದಲ್ಲಿ ಕುರ್ಚಿಯ ತೋಳು ಹಿಡಿದು ಏಳಿ. ಕೆಲವು ವಾರಗಳ ಮೇಲೆ ಒಂದೇ ಕೈ, ಆಮೇಲೆ ಕೈ ಇಲ್ಲದೆ.

ಎರಡನೆಯದು, ಹಿಮ್ಮಡಿ ಎತ್ತುವುದು. ಕಿಟಕಿಯ ಸರಳು ಅಥವಾ ಅಡುಗೆಕಟ್ಟೆ ಹಿಡಿದು, ತುದಿಗಾಲಿನಲ್ಲಿ ನಿಂತು ಇಳಿಯುವುದು, 10 ಸಲ. ಹಾಗೆಯೇ ಹಿಡಿದುಕೊಂಡು ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು, 10 ಸಲ. ಪಕ್ಕಕ್ಕೆ ಬೀಳದಂತೆ ತಡೆಯುವ ಸೊಂಟದ ಸ್ನಾಯುಗಳಿಗೆ ಇದು ಕೆಲಸ ಕೊಡುತ್ತದೆ.

ಮೂರನೆಯದು ಸಮತೋಲನ. ಹಿಡಿಯಲು ಏನಾದರೂ ಕೈಗೆ ಸಿಗುವ ಜಾಗದಲ್ಲಿ, ಮೊದಲು ಎರಡು ಪಾದ ಜೋಡಿಸಿ 10 ಸೆಕೆಂಡು. ನಂತರ ಒಂದು ಪಾದ ಅರ್ಧ ಮುಂದೆ ಇಟ್ಟು 10 ಸೆಕೆಂಡು. ನಂತರ ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ ನಿಂತು 10 ಸೆಕೆಂಡು. ಇದಾದ ಮೇಲೆ ಒಂಟಿ ಕಾಲು. ಒಂದು ಹಂತ ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬೇಡಿ.

ನಾಲ್ಕನೆಯದು ನಡಿಗೆ. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಒಮ್ಮೆಗೆ ಆಗದಿದ್ದರೆ 10 ನಿಮಿಷದಂತೆ ಮೂರು ಸಲ. ನಡೆಯುವಾಗ ಮಾತಾಡಲು ಆಗಬೇಕು, ಹಾಡು ಹೇಳುವಷ್ಟು ಉಸಿರು ಮಿಗಬಾರದು, ಅದೇ ಸರಿಯಾದ ವೇಗ. ರಸ್ತೆಯಲ್ಲಿ ನಡೆಯಲು ಸಂಕೋಚ ಪಡುವ ನಮ್ಮ ಹೆಂಗಸರು ಟೆರೇಸಿನಲ್ಲೋ ಅಂಗಳದಲ್ಲೋ ನಡೆಯಲಿ. ನಾಲ್ಕು ಮನೆಯವರು ಜೊತೆಯಾಗಿ ಹೊರಟರೆ ಸಂಕೋಚವೂ ಕಡಿಮೆ.

ಐದನೆಯದನ್ನು ಯಾರೂ ಕಲಿಸುವುದಿಲ್ಲ. ಅದು ನೆಲದಿಂದ ಏಳುವ ಕ್ರಮ. ಬಿದ್ದ ಕೂಡಲೇ ಗಡಬಡಿಸಿ ಏಳಬೇಡಿ. ನೋವಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಮಗ್ಗುಲಿಗೆ ಹೊರಳಿ, ಮೊಣಕಾಲು ಮತ್ತು ಕೈಗಳ ಮೇಲೆ ಬನ್ನಿ, ಹತ್ತಿರದ ಮಂಚ ಅಥವಾ ಗಟ್ಟಿ ಕುರ್ಚಿಯ ತನಕ ತೆವಳಿ. ಅದರ ಮೇಲೆ ಕೈಯೂರಿ, ಬಲವಿರುವ ಕಾಲನ್ನು ಮುಂದಿಟ್ಟು ಏಳಿ. ಇದನ್ನು ಚೆನ್ನಾಗಿರುವಾಗಲೇ ಮನೆಯವರ ಎದುರು ಚಾಪೆಯ ಮೇಲೆ ಅಭ್ಯಾಸ ಮಾಡಿಕೊಳ್ಳಬೇಕು. ಬಿದ್ದವರಿಗೆ ಸೊಂಟದಲ್ಲಿ ತೀವ್ರ ನೋವಿದ್ದರೆ ಎಳೆದು ಎಬ್ಬಿಸಬೇಡಿ, 108ಕ್ಕೆ ಕರೆ ಮಾಡಿ.

ಎಚ್ಚರಿಕೆಯ ಮಾತುಗಳೂ ಇವೆ. ಹೃದಯದ ಕಾಯಿಲೆ, ಇತ್ತೀಚಿನ ಆಪರೇಷನ್, ಪದೇ ಪದೇ ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಎದೆನೋವು ಬಂದರೆ, ಉಸಿರು ಕಟ್ಟಿದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ನಡೆಯಬಾರದು, ಸವೆದ ಹವಾಯಿ ಚಪ್ಪಲಿಯೂ ಬೇಡ. ಮೊಣಕಾಲು ಸವೆದವರು ವ್ಯಾಯಾಮವೇ ಬೇಡ ಎಂದು ಕುಳಿತುಬಿಡುತ್ತಾರೆ. ಹಾಗಲ್ಲ, ತೊಡೆಯ ಸ್ನಾಯು ಗಟ್ಟಿಯಾದಷ್ಟು ಸವೆದ ಮಂಡಿಗೆ ಆಸರೆ ಸಿಗುತ್ತದೆ.

ಮಳೆಗಾಲದ ಬಗ್ಗೆ ನಮ್ಮ ಊರಿನವರಿಗೆ ಹೆಚ್ಚು ಹೇಳಬೇಕಿಲ್ಲ. ಜೂನ್ ಬಂತೆಂದರೆ ಅಂಗಳ, ಕೆಂಪುಕಲ್ಲಿನ ಮೆಟ್ಟಿಲು, ಬಾವಿಕಟ್ಟೆ ಎಲ್ಲ ಕಡೆ ಪಾಚಿ. ಪಾಚಿ ಉಜ್ಜಿ ತೆಗೆಯಿರಿ, ನಡೆಯುವ ದಾರಿಗೆ ತೆಂಗಿನ ಮಡಲು ಹಾಸಿ. ಬಚ್ಚಲಿನ ಗೋಡೆಗೆ ಒಂದು ಹಿಡಿಕೆ, ಹಾಸಿಗೆಯಿಂದ ಬಚ್ಚಲಿನ ತನಕ ರಾತ್ರಿ ಉರಿಯುವ ಸಣ್ಣ ದೀಪ ಇರಲಿ. ಕಣ್ಣಿನ ಪೊರೆ ಇದ್ದರೆ ಆಪರೇಷನ್ನನ್ನು ಮುಂದೂಡಬೇಡಿ.

ನಮಾಝ್ ಮತ್ತು ಮೊಣಕಾಲು

ಮಸೀದಿಗಳಲ್ಲಿ ಕುರ್ಚಿಗಳ ಸಂಖ್ಯೆ ಹೆಚ್ಚುತ್ತಿರುವುದನ್ನು ನಮ್ಮ ಮನೆಯ ಗಂಡಸರು ಹೇಳುತ್ತಿರುತ್ತಾರೆ. ಆಗದವರಿಗೆ ಧರ್ಮದಲ್ಲಿ ರಿಯಾಯಿತಿ ಇದೆ. ಅದರ ನಿಯಮವನ್ನು ಉಲಮಾಗಳು ಹೇಳುತ್ತಾರೆ, ನಾನು ಹೇಳುವವಳಲ್ಲ. ನಮಾಝ್ ಆರಾಧನೆ, ಅದನ್ನು ವ್ಯಾಯಾಮ ಎಂದು ಕರೆಯಲೂ ನನಗೆ ಮನಸ್ಸಿಲ್ಲ. ನಾನು ಹೇಳುವುದು ಮೊಣಕಾಲಿನ ವಿಷಯ ಮಾತ್ರ. ನೆಲಕ್ಕೆ ಹಣೆಯಿಟ್ಟು ಸುಜೂದ್ ಮಾಡಬೇಕೆಂದು ಆಸೆಯಿದ್ದೂ ಏಳಲಾಗದೆ ಕುರ್ಚಿಗೆ ಬಂದ ಹಿರಿಯರಲ್ಲಿ ಕೆಲವರಿಗಾದರೂ, ವೈದ್ಯರ ಒಪ್ಪಿಗೆ ಪಡೆದು ತೊಡೆಯ ಬಲ ಹೆಚ್ಚಿಸಿಕೊಂಡರೆ ನೆಲಕ್ಕೆ ಮರಳುವ ದಾರಿ ತೆರೆಯಬಹುದು.

ಹಜ್ಜ್, ಉಮ್ರಾಗಳ ಮಾತೂ ಇದೆ. ಜೀವಮಾನವಿಡೀ ಕೂಡಿಟ್ಟ ಹಣದಲ್ಲಿ ಹೊರಡುವವರು ಚುಚ್ಚುಮದ್ದು, ಪಾಸ್‌ಪೋರ್ಟ್, ಬಟ್ಟೆಬರೆ ಎಲ್ಲವನ್ನೂ ಸಿದ್ಧ ಮಾಡಿಕೊಳ್ಳುತ್ತಾರೆ, ಕಾಲನ್ನು ಸಿದ್ಧ ಮಾಡಿಕೊಳ್ಳುವುದಿಲ್ಲ. ಸಫಾ ಮರ್ವಾಗಳ ನಡುವಿನ ಏಳು ನಡಿಗೆಯೊಂದೇ ಸುಮಾರು 3 ಕಿಲೋಮೀಟರ್ ಆಗುತ್ತದೆ. ತವಾಫ್ ಬೇರೆ. ಗಾಲಿಕುರ್ಚಿಯ ವ್ಯವಸ್ಥೆ ಅಲ್ಲಿದೆ, ಬೇಕಾದವರು ಬಳಸಲಿ. ಆದರೆ ಹೊರಡುವ ಆರು ತಿಂಗಳು ಮೊದಲೇ ಅಭ್ಯಾಸ ಶುರು ಮಾಡಿದರೆ ತಮ್ಮ ಕಾಲಲ್ಲೇ ನಡೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ.

ಮನೆಯವರಲ್ಲಿ ಒಂದು ಕೇಳಿಕೆ

"ನೀವು ಕುಳಿತುಕೊಳ್ಳಿ ಉಮ್ಮ, ನಾವು ಮಾಡುತ್ತೇವೆ." ಒಳ್ಳೆಯ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು ಇದು. ಹೇಳುವವರ ಮನಸ್ಸು ಒಳ್ಳೆಯದೇ. ಹೆತ್ತವರ ಸೇವೆಯ ದೊಡ್ಡ ಪುಣ್ಯ ನಮಗೆಲ್ಲ ಗೊತ್ತು. ಆದರೆ ಅವರು ಮಾಡಬಲ್ಲ ಕೆಲಸವನ್ನು ಅವರ ಕೈಯಿಂದ ತೆಗೆದುಕೊಂಡರೆ ಅವರ ಬಲವನ್ನೂ ಜೊತೆಗೆ ತೆಗೆದುಕೊಂಡಂತೆ. ಉಮ್ಮ ಬಟ್ಟೆ ಮಡಚಲಿ, ಗಿಡಕ್ಕೆ ನೀರು ಹಾಕಲಿ, ತನ್ನ ಲೋಟವನ್ನು ತಾನೇ ಎದ್ದು ತಂದುಕೊಳ್ಳಲಿ. ನಾವು ಎರಡು ಹೆಜ್ಜೆ ಹಿಂದೆ ನಿಂತು, ಬೀಳದ ಹಾಗೆ ನೋಡಿಕೊಳ್ಳೋಣ. ಅದೂ ಸೇವೆಯೇ. ಕೈ ಹಿಡಿದು ನಡೆಸುವುದಕ್ಕಿಂತ ಅದಕ್ಕೆ ಹೆಚ್ಚು ತಾಳ್ಮೆ ಬೇಕು.

ಗಲ್ಫಿನಲ್ಲಿರುವ ಮಕ್ಕಳು ಫೋನ್ ಮಾಡಿದಾಗ "ಮಾತ್ರೆ ತೆಗೊಂಡಿರಾ" ಎಂದು ಕೇಳುತ್ತಾರೆ. ಕೇಳಲಿ. ಜೊತೆಗೆ "ಇವತ್ತು ಕುರ್ಚಿಯಿಂದ ಎಷ್ಟು ಸಲ ಎದ್ದಿರಿ" ಎಂದೂ ಕೇಳಲಿ. ಮಗ ಕೇಳುತ್ತಾನೆ ಎಂದು ಗೊತ್ತಿದ್ದರೆ ತಾಯಿ ಎರಡು ಸಲ ಹೆಚ್ಚೇ ಏಳುತ್ತಾಳೆ.

ವಿದ್ಯಾರ್ಥಿಗಳೇ, ನಿಮಗೆ ಒಂದು ಮನೆಗೆಲಸ ಕೊಡುತ್ತೇನೆ. ವಾರಕ್ಕೆ ಮೂರು ದಿನ, 15 ನಿಮಿಷ, ಮನೆಯ ಹಿರಿಯರ ಜೊತೆ ಈ ಅಭ್ಯಾಸ ಮಾಡಿ. ಒಂದು ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ, ಎಷ್ಟು ಸಲ ಎದ್ದರು ಎಂದು ಬರೆಯಿರಿ. ತಿಂಗಳ ಕೊನೆಗೆ ಆ 30 ಸೆಕೆಂಡಿನ ಪರೀಕ್ಷೆ ಮತ್ತೆ ಮಾಡಿ. ಮುಂದಿನ ವರ್ಷ ಅರ್ಜಿ ಸಲ್ಲಿಸಲು ಬರುವಾಗ ಆ ಪುಸ್ತಕ ತನ್ನಿ, ಮಾರ್ಕ್ಸ್ ಕಾರ್ಡಿನ ಜೊತೆ ನಾನು ಅದನ್ನೂ ನೋಡಬೇಕು. ಇದು ಹುಡುಗಿಯರಿಗೆ ಮಾತ್ರ ಕೊಟ್ಟ ಕೆಲಸ ಅಲ್ಲ. ಹುಡುಗರೇ, ನಿಮ್ಮ ಅಕ್ಕ ತಂಗಿಯರು ಆಗಲೇ ಬೇಕಾದಷ್ಟು ಮಾಡುತ್ತಿದ್ದಾರೆ, ಈ ಪುಸ್ತಕ ನಿಮ್ಮ ಹೆಸರಿನಲ್ಲಿರಲಿ.

ದಾನಿಗಳಲ್ಲಿ ನನ್ನ ವಿನಂತಿ ಚಿಕ್ಕದು. ವಿದ್ಯಾರ್ಥಿವೇತನದ ಹಣಕ್ಕೆ ಕೈಹಾಕಬೇಡಿ, ಅದು ಮಕ್ಕಳದ್ದು. ಅದರ ಹೊರತಾಗಿ ಸಾಧ್ಯವಿದ್ದವರು ನಿಮ್ಮ ಮೊಹಲ್ಲಾದಲ್ಲಿ ಬಚ್ಚಲಿಗೆ ಹಿಡಿಕೆ ಇಲ್ಲದ ನಾಲ್ಕು ಮನೆಗಳನ್ನು ಗುರುತಿಸಿ, ಮಳೆಗಾಲಕ್ಕೆ ಮೊದಲು ಹಾಕಿಸಿಕೊಡಿ. ಆಸ್ಪತ್ರೆಯ ಬಿಲ್ಲಿಗೆ ನೆರವು ಕೇಳಿಕೊಂಡು ಬರುವವರನ್ನು ನೀವು ಎಂದೂ ಬರಿಗೈಯಲ್ಲಿ ಕಳುಹಿಸಿದವರಲ್ಲ. ಆ ಬಿಲ್ಲು ಬಾರದಂತೆ ಮಾಡುವುದಕ್ಕೆ ಅದರ ಒಂದಂಶವೂ ಬೇಕಾಗುವುದಿಲ್ಲ.

ವಯಸ್ಸು, ಆಯುಷ್ಯ ಎಲ್ಲವೂ ಅಲ್ಲಾಹನ ಕೈಯಲ್ಲಿದೆ. ಎಷ್ಟು ಅಭ್ಯಾಸ ಮಾಡಿದರೂ ಕೆಲವರು ಹಾಸಿಗೆ ಹಿಡಿಯುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಅಂಥವರನ್ನು ಪ್ರೀತಿಯಿಂದ ನೋಡಿಕೊಳ್ಳುವುದು ನಮ್ಮ ಹೊಣೆ. ಎದ್ದು ನಿಲ್ಲಬಲ್ಲವರು ಮಾತ್ರ ಇಂದೇ ಆರಂಭಿಸಲಿ. ಹಿಂದಿನ ಸಾಲಿನಲ್ಲಿರುವ ಹಿರಿಯರೇ, ಕಾರ್ಯಕ್ರಮ ಮುಗಿದಾಗ ಮೊಮ್ಮಕ್ಕಳು ಕೈ ಕೊಡಲು ಬರುತ್ತಾರೆ. ಅವರು ಪಕ್ಕದಲ್ಲಿ ನಿಂತಿರಲಿ, ನೀವು ಒಮ್ಮೆ ನಿಮ್ಮ ಕಾಲಿನ ಬಲದಲ್ಲೇ ಎದ್ದು ನೋಡಿ.

ಅಲ್ಲಾಹನು ನಮ್ಮೆಲ್ಲರ ಹಿರಿಯರಿಗೆ ಆರೋಗ್ಯ ನೀಡಲಿ, ಈ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ.